ಬಲಕ್ಕೆ ಸುತ್ತಿದ ಗೋಡೆ

ಸಾಹೇಬರ ಬಲಗೈಯ ನಡುಬೆರಳಿನ ಗೆಣ್ಣಿನ ಮೇಲೆ ಹುಣಸೆಬೀಜದಂಥ ಒಂದು ಗಂಟಿತ್ತು. ಕಪ್ಪಗೆ, ಗಟ್ಟಿಯಾಗಿ, ತುದಿಯಲ್ಲಿ ಸ್ವಲ್ಪ ಹೊಳೆಯುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ, ವರ್ಷಗಟ್ಟಲೆ ಕಂಡ ಕಂಡ ಗೋಡೆಗಳನ್ನೆಲ್ಲ ಕುಟ್ಟಿ ಕುಟ್ಟಿ ಬಂದದ್ದು. ಯಾವ ಮನೆಗೆ, ಯಾವ ಅಂಗಡಿಗೆ ಕಾಲಿಟ್ಟರೂ ಅವರು ಮೊದಲು ಮನುಷ್ಯರ ಮುಖ ನೋಡುತ್ತಿರಲಿಲ್ಲ. ಹತ್ತಿರದ ಗೋಡೆಯ ಬಳಿ ಹೋಗಿ, ಆ ಗಂಟಿನಿಂದ ಟಕ್ ಟಕ್ ಎಂದು ಕುಟ್ಟಿ, ತಲೆ ಓರೆ ಮಾಡಿ ಕೇಳುತ್ತಿದ್ದರು. ಗೋಡೆ ಅವರಿಗೆ ಏನು ಹೇಳುತ್ತಿತ್ತೋ ನಮಗೆ ತಿಳಿಯದು. ಆದರೆ ಅವರ ಮುಖ ನೋಡಿದರೆ, ಗೋಡೆಯ ಮಾತನ್ನೂ ಅವರು ಪೂರ್ತಿ ನಂಬಿದ ಹಾಗೆ ಕಾಣುತ್ತಿರಲಿಲ್ಲ.

ನಾನು ಮೊದಲು ಕೆಲಸಕ್ಕೆ ಸೇರಿದ ಆರ್ಕಿಟೆಕ್ಟ್ ಆಫೀಸಿನ ಒಡೆಯರು ಅವರು. ಮುಂಬೈಯ ದಾದರಿನಲ್ಲಿ, ಹೂವಿನ ಮಾರ್ಕೆಟ್ಟಿನ ಗಲಾಟೆ ದಾಟಿದ ಮೇಲೆ ಸಿಗುವ ಒಂದು ಹಳೆಯ ಬಿಲ್ಡಿಂಗಿನ ಮಹಡಿಯಲ್ಲಿ ಆಫೀಸಿತ್ತು. ಅವರ ಊರು ಮೈಸೂರು, ಮುಂಬೈಗೆ ಬಂದು ನೆಲೆಸಿದ ನಮ್ಮದೂ ಅದೇ ಕಡೆ. ಒಂದೇ ಕಡೆಯವರು ಎಂಬ ಕಾರಣಕ್ಕೆ ನನ್ನ ಮೇಲೆ ಒಂದಿಷ್ಟು ಅಕ್ಕರೆ ಇರಬಹುದು ಎಂದು ಅಪ್ಪ ನನ್ನನ್ನು ಅಲ್ಲಿಗೆ ಕಳಿಸಿದ್ದರು. ಅಲ್ಲಿ ಆದದ್ದು ತಿರುಗುಮುರುಗು. ಊರಿನವಳು ಎಂದು ತಿಳಿದ ಕೂಡಲೇ ಸಾಹೇಬರ ಹುಬ್ಬು ಗಂಟಿಕ್ಕಿತು. ಊರಿನ ಹೆಸರು ಹೇಳಿಕೊಂಡು ಬರುವವರು ಏನನ್ನೋ ಮುಚ್ಚಿಡುತ್ತಾರೆ ಎಂಬುದು ಅವರ ಲೆಕ್ಕಾಚಾರ.

"ಈ ಕೋಣೆ ಅಳೆದು ಹಾಕ್ಕೊಡು ನೋಡೋಣ" ಎಂದು ಒಂದು ಟೇಪು ಕೊಟ್ಟರು. ನಾನು ಎರಡು ಗೋಡೆ ಅಳೆದು, ಅಂದವಾಗಿ ಒಂದು ಆಯತ ಬರೆದು ಕೊಟ್ಟೆ. ಅವರು ಕನ್ನಡಕ ಹಣೆಗೇರಿಸಿದರು.

"ಉಳಿದೆರಡು?"

"ಎದುರಿಗಿನ ಗೋಡೆಯಷ್ಟೇ ಸರ್."

"ನೋಡಿದ್ದೋ, ಅಂದ್ಕೊಂಡಿದ್ದೋ?"

ಅಳೆದು ನೋಡಿದರೆ ಎದುರಿನ ಗೋಡೆ ಒಂದು ಗೇಣು ಕಡಿಮೆ ಇತ್ತು. ಹೊಸಬರನ್ನು ಬೀಳಿಸುವುದಕ್ಕೆಂದೇ ಆ ವಕ್ರ ಕೋಣೆಯನ್ನು ಹುಡುಕಿ ಆಫೀಸು ಮಾಡಿಕೊಂಡಿದ್ದರು ಎಂದು ನನಗೆ ಇವತ್ತಿಗೂ ಗುಮಾನಿ. ಕೆಲಸವೇನೋ ಕೊಟ್ಟರು. ಮುಂದಿನ ವರ್ಷಗಳಲ್ಲಿ ಆ ಪ್ರಶ್ನೆ ನನ್ನ ಕಿವಿಗೆ ಬೀಳದ ದಿನವಿಲ್ಲ. ಲೋಕಲ್ ಟ್ರೇನು ಲೇಟಾಯಿತು ಎಂದರೂ ಅದೇ, ಸಿಮೆಂಟು ಬಂತು ಎಂದರೂ ಅದೇ. ಒಮ್ಮೆ ನಮ್ಮ ಡ್ರಾಫ್ಟ್ಸ್‌ಮನ್ ಕಾಕಾ ತನ್ನ ಮಗಳಿಗೆ ಗಂಡು ನಿಶ್ಚಯವಾಯಿತು, ಹುಡುಗ ಬಹಳ ಒಳ್ಳೆಯವನು ಎಂದು ಪೇಡೆ ಹಂಚಿದಾಗಲೂ ಹಿಂದಿಯಲ್ಲಿ ಅದನ್ನೇ ಕೇಳಿದರು. ಪಾಪ, ಕಾಕಾನ ಮುಖ ಸಣ್ಣಗಾಯಿತು.

ಅವರ ಅನುಮಾನಕ್ಕೆ ಮೇಲುಕೀಳು ಇರಲಿಲ್ಲ. ಆಫೀಸಿನ ಕೆಳಗೆ ಉಡುಪಿ ಕಡೆಯವರ ಹೋಟೆಲಿತ್ತು. ಅಲ್ಲಿ ಇಡ್ಲಿ ಬಂದರೆ ಸಾಹೇಬರು ಮೊದಲು ಅದನ್ನು ಚಮಚದಿಂದ ಎರಡಾಗಿ ಸೀಳಿ ಒಳಗೆ ನೋಡುತ್ತಿದ್ದರು. ಗಲ್ಲಾದ ಮೇಲೆ ಕೂತ ಹೋಟೆಲಿನವರು ದಿನವೂ ಅದನ್ನು ನೋಡಿ ನೋಡಿ, "ಎಂಥದು ಸಾರ್, ನಾವು ಇಡ್ಲಿಗೆ ಕಂಬಿ ಹಾಕಿದ್ದೇವಾ ಅಂತ ನೋಡ್ತೀರಾ?" ಎಂದು ಕೇಳುತ್ತಿದ್ದರು. "ಹಾಕಿಲ್ಲ ಅಂತ ನೋಡ್ತಿದ್ದೀನಿ" ಎಂದು ಇವರು ನಗದೆ ಉತ್ತರ ಕೊಡುತ್ತಿದ್ದರು. ಹೊಸ ಬಿಲ್ಡಿಂಗಿನ ಲಿಫ್ಟಿಗೆ ತಾವು ಹತ್ತುತ್ತಿರಲಿಲ್ಲ, ಮೊದಲು ಆ ಬಿಲ್ಡರನ್ನೇ ಹತ್ತಿಸಿ ಕಳಿಸುತ್ತಿದ್ದರು. ಅಂಗಡಿಯಿಂದ ತಂದ ಹೊಸ ಟೇಪನ್ನು ತಮ್ಮ ಹಳೆಯ ಉಕ್ಕಿನ ಟೇಪಿನ ಪಕ್ಕ ಇಟ್ಟು ಉದ್ದಕ್ಕೂ ಹೋಲಿಸಿದ ಮೇಲೆಯೇ ನಮ್ಮ ಕೈಗೆ ಬರುತ್ತಿತ್ತು.

ಸೈಟಿನಲ್ಲಿ ಅವರದ್ದೊಂದು ಕಟ್ಟಳೆ ಇತ್ತು. ಕಟ್ಟಡ ಅಳೆಯುವಾಗ ಬಲಕ್ಕೇ ಸುತ್ತಬೇಕು, ದೇವಸ್ಥಾನದಲ್ಲಿ ಸುತ್ತುವ ಹಾಗೆ. ಗೋಡೆ ನಮ್ಮ ಬಲಗೈ ಕಡೆಗೇ ಇರಬೇಕು. ಒಬ್ಬರು ಒಂದು ಸುತ್ತು ಅಳೆದ ಮೇಲೆ ಇನ್ನೊಬ್ಬರು ಇನ್ನೊಂದು ಸುತ್ತು ಅಳೆಯಬೇಕು, ಮೊದಲಿನವರ ಅಳತೆಯನ್ನು ಎರಡನೆಯವರಿಗೆ ತೋರಿಸಬಾರದು. "ಒಂದು ಸುತ್ತು ಸಾಲದು" ಎನ್ನುತ್ತಿದ್ದರು. ಎಲ್ಲರೂ ಒಂದೇ ದಿಕ್ಕಿಗೆ ಹೋದರೆ ಅಳತೆ ತಾಳೆ ನೋಡಲು ಸುಲಭ ಎಂದು ಅದಕ್ಕೆ ಕಾರಣ ಕೊಡುತ್ತಿದ್ದರು. ಆ ಕಾರಣವನ್ನು ನಾನು ನಂಬಿದವಳಲ್ಲ. ಒಮ್ಮೆ ಕಾಕಾ ಹತ್ತಿರವಾಗುತ್ತದೆ ಎಂದು ಎಡಗಡೆಯಿಂದ ಶುರು ಮಾಡಿದಾಗ ಸಾಹೇಬರು ಬೆಚ್ಚಿಬಿದ್ದು ಟೇಪು ಕಿತ್ತುಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೆ. ತಾಳೆ ನೋಡುವವರು ಹಾಗೆ ಬೆಚ್ಚುವುದಿಲ್ಲ.

ಹೀಗಿರುವಾಗ ಆಫೀಸಿಗೆ ಕಂಪ್ಯೂಟರ್ ಬಂತು. ತೊಂಬತ್ತರ ದಶಕ ಆಗಷ್ಟೇ ಕಣ್ಣು ಬಿಡುತ್ತಿತ್ತು. ಅದಕ್ಕೊಂದು ಗಾಜಿನ ಕೋಣೆ, ಕೋಣೆಗೊಂದು ಎಸಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಗೋರೆಗಾಂವಿನ ಒಂದು ಕ್ಲಾಸಿಗೆ ಹೋಗಿ ಕಲಿತು ಬಂದಿದ್ದವಳು ನಾನೊಬ್ಬಳೇ ಆದ್ದರಿಂದ ಆ ಗರ್ಭಗುಡಿಗೆ ನಾನೇ ಪೂಜಾರಿ. ಸಾಹೇಬರು ಹಿಂದೆ ನಿಂತು, ಕೈಕಟ್ಟಿಕೊಂಡು, ಪರದೆಯನ್ನು ಕಳ್ಳನನ್ನು ನೋಡುವಂತೆ ನೋಡುತ್ತಿದ್ದರು. ಒಂದು ದಿನ ಜೇಬಿನಿಂದ ಸ್ಕೇಲು ತೆಗೆದು ಪರದೆಯ ಗಾಜಿನ ಮೇಲೇ ಇಟ್ಟು ಅಳೆದರು. ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ಅದು ಗೊತ್ತಾಗಿ, ಸ್ಕೇಲನ್ನು ಇನ್ನೂ ಒತ್ತಿ ಹಿಡಿದರು.

"ಇದಕ್ಕೆ ಗೋಡೆ ಅಂದ್ರೇನು ಅಂತ ಯಾರು ಹೇಳಿದ್ರು?"

"ನಾವೇ ಹೇಳ್ಬೇಕು ಸರ್. ದಪ್ಪ ಎಷ್ಟು, ಎತ್ತರ ಎಷ್ಟು ಅಂತ ಕೊಟ್ರೆ ಅದೇ ನಿಲ್ಲಿಸುತ್ತೆ."

"ಬುಡದಿಂದ ತುದಿವರೆಗೂ ಒಂದೇ ದಪ್ಪ?"

"ಹೌದು ಸರ್."

"ಅಂಥ ಗೋಡೆ ಮುಂಬೈನಲ್ಲಿ ನಾನು ನೋಡೇ ಇಲ್ವಲ್ಲಮ್ಮ. ಇದೂ ನೋಡಿಲ್ಲ. ಅಂದ್ಕೊಂಡಿದೆ, ಅಷ್ಟೆ."

ಅವರ ಬಾಯಿ ಮುಚ್ಚಿಸಬೇಕೆಂದೇ ನಾನು ಕೈಪಿಡಿ ತಿರುವಿ ಹಾಕಿ ಪ್ರೊಫೈಲ್ ಎಂಬುದನ್ನು ಹುಡುಕಿದೆ. ಗೋಡೆಯನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ಆಕಾರವನ್ನು ನಾವೇ ಬರೆದು, ಹೆಸರಿಟ್ಟು, ಉಳಿಸಿಕೊಳ್ಳಬಹುದಿತ್ತು. ಆಮೇಲೆ ನೆಲದ ನಕ್ಷೆಯಲ್ಲಿ ಗೆರೆ ಎಳೆಯುತ್ತ ಹೋದರೆ ಆ ಗೆರೆಯ ಉದ್ದಕ್ಕೂ ಅದೇ ಆಕಾರದ ಗೋಡೆ ಏಳುತ್ತಿತ್ತು. ಚಕ್ಕುಲಿ ಒರಳಿಗೆ ಯಾವ ಬಿಲ್ಲೆ ಹಾಕುತ್ತೇವೋ ಅದೇ ಆಕಾರದ ಎಳೆ ಬರುತ್ತದಲ್ಲ, ಹಾಗೆ ಎಂದು ಸಾಹೇಬರಿಗೆ ವಿವರಿಸಿದೆ. ಈಗಿನ ಹುಡುಗರಿಗೆ ಇದು ಹೇಳುವಂಥ ವಿಷಯವೇ ಅಲ್ಲ. ಆಗ ಒಂದು ಕಾಂಪೌಂಡ್ ಗೋಡೆ ಪರದೆಯ ಮೇಲೆ ಗೆರೆ ಗೆರೆಯಾಗಿ ಮೂಡುವಷ್ಟರಲ್ಲಿ ಕೆಳಗೆ ಹೋಗಿ ಚಾ ಕುಡಿದು ಬರಬಹುದಿತ್ತು. ಮೇಲೆ ಎರಡು ಬದಿಗೂ ಇಳಿಜಾರು ಇರುವ ಗೋಡೆಯೊಂದನ್ನು ಮಾಡಿ ತೋರಿಸಿದೆ. ಸಾಹೇಬರು ಬಹಳ ಹೊತ್ತು ನೋಡಿ "ಹ್ಞೂಂ" ಎಂದರು. ಅವರ ಭಾಷೆಯಲ್ಲಿ ಅದು ಶಾಲು ಹೊದಿಸಿದ ಹಾಗೆ.

ಆ ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಆಫೀಸಿಗೆ ಹೋದರೆ ಸಾಹೇಬರ ಕೋಣೆಯಲ್ಲಿ ನನಗೆ ಚೆನ್ನಾಗಿ ಪರಿಚಯವಿದ್ದ ಒಬ್ಬ ಮನುಷ್ಯ ಕೂತಿದ್ದ. ಘಾಟ್ಕೋಪರಿನಲ್ಲಿ ನಾವಿದ್ದ ಬಿಲ್ಡಿಂಗಿನ ಮಾಲೀಕ. ಮೇಜಿನ ಮೇಲೆ ಮಿಠಾಯಿಯ ದೊಡ್ಡ ಡಬ್ಬ ಇತ್ತು.

ನಮ್ಮದು ಬಹಳ ಹಳೆಯ ಬಿಲ್ಡಿಂಗು. ಹಳೆಯ ಬಾಡಿಗೆಯ ಸಂಸಾರಗಳು, ಯಾರೂ ಜಾಗ ಬಿಡುವವರಲ್ಲ. ಅದನ್ನು ಕೆಡವಿ ಎತ್ತರದ ಕಟ್ಟಡ ಏಳಿಸಬೇಕೆಂದು ಮಾಲೀಕ ವರ್ಷಗಳಿಂದ ಹವಣಿಸುತ್ತಿದ್ದ. ಈಗ ಅವನಿಗೆ ಒಂದು ದಾರಿ ಸಿಕ್ಕಿತ್ತು. ಹಿಂದುಗಡೆಯ ಗೋಡೆ ಮೇಲೆ ಹೋಗುತ್ತ ಹೋಗುತ್ತ ಒಳಗೆ ವಾಲಿದೆ, ಕಟ್ಟಡ ಅಪಾಯದಲ್ಲಿದೆ ಎಂದು ಅವನ ಇಂಜಿನಿಯರ್ ಬರೆದುಕೊಟ್ಟಿದ್ದ. ಮಾಲೀಕನಿಗೂ ಬಾಡಿಗೆಯವರಿಗೂ ಸಂಬಂಧವಿಲ್ಲದ ಒಬ್ಬ ಆರ್ಕಿಟೆಕ್ಟಿನಿಂದ ಸರ್ವೇ ಮಾಡಿಸಿ ತನ್ನಿ ಎಂದು ಕಾರ್ಪೊರೇಷನ್ನಿನ ವಾರ್ಡ್ ಆಫೀಸಿನವರು ಕೇಳಿದ್ದರು. ಆ ಆರ್ಕಿಟೆಕ್ಟ್ ನಮ್ಮ ಸಾಹೇಬರು. ಅವರೂ ವಾಲಿದೆ ಎಂದರೆ ನಾವು ಗಂಟುಮೂಟೆ ಕಟ್ಟಬೇಕು. ಅಪ್ಪನ ಸಂಬಳದಲ್ಲಿ ಮುಂಬೈಯಲ್ಲಿ ಇನ್ನೊಂದು ಮನೆ ಎನ್ನುವುದು ಕನಸಿನ ಮಾತು.

ಮಾಲೀಕ ಹೋದ ಮೇಲೆ ಸಾಹೇಬರು ನನ್ನನ್ನು ಕರೆದರು.

"ಆ ಬಿಲ್ಡಿಂಗಲ್ಲೇ ಅಲ್ವಾ ನೀನಿರೋದು?"

"ಹೌದು ಸರ್."

"ಹಾಗಾದ್ರೆ ಈ ಕೆಲಸದ ಹತ್ತಿರ ಸುಳೀಬೇಡ. ಕಾಕಾ ನೋಡ್ಕೋತಾನೆ."

ಅಷ್ಟೇ. ಸಮಾಧಾನದ ಒಂದು ಮಾತಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಇವರ ಕೈಕೆಳಗೆ ದುಡಿದಿದ್ದಕ್ಕೆ ಇದೇನಾ ಮರ್ಯಾದೆ ಎನ್ನಿಸಿತು. ಉರಿ ಆರಿದ ಮೇಲೆ ಅನುಮಾನ ಬಂದು ಕೂತಿತು. ನನ್ನನ್ನು ಯಾಕೆ ದೂರ ಇಟ್ಟರು? ನಾನು ನೋಡಬಾರದ್ದು ಅಲ್ಲೇನಿದೆ? ಬಾಗಿಲು ಮುಚ್ಚಿಕೊಂಡು ಮಾಲೀಕನ ಜೊತೆ ಅಷ್ಟು ಹೊತ್ತು ಏನು ಮಾತಾಡಿದರು? ಅನುಮಾನ ಪಡುವುದನ್ನು ಕಲಿಸಿದವರೇ ಅವರು. ಶಿಷ್ಯೆ ಚೆನ್ನಾಗಿಯೇ ಕಲಿತಿದ್ದಳು.

ಮನೆಯಲ್ಲಿ ಅಪ್ಪ ದಿನಾ ಕೇಳುತ್ತಿದ್ದರು. "ನಿಮ್ಮ ಸಾಹೇಬ್ರು ನಮ್ಮ ಕಡೆಯವರೇ ಅಲ್ವೇನೇ? ಒಂದು ಮಾತು ಹೇಳಿ ನೋಡಬಾರ್ದಾ?"

"ಅವ್ರು ಅವರಪ್ಪನ ಕಡೆಯವರೂ ಅಲ್ಲ" ಎಂದು ನಾನು ಸಿಡುಕುತ್ತಿದ್ದೆ.

ನೆಲಮಹಡಿಯ ಆಜಿ, ನನ್ನನ್ನು ಎತ್ತಿ ಆಡಿಸಿದ ಮರಾಠಿ ಅಜ್ಜಿ, ಈಗ ನಾನು ಮೆಟ್ಟಿಲಿಳಿಯುವಾಗ ದಾರಿಗೆ ಅಡ್ಡ ನಿಂತು, "ತುಝಾ ಸಾಹೇಬ್ ಕುಣಾಚಾ ಆಹೆ ಗ?" ಎಂದು ಕಣ್ಣು ಕಿರಿದು ಮಾಡಿ ಕೇಳುತ್ತಿದ್ದಳು. ನಿನ್ನ ಸಾಹೇಬ ಯಾರ ಕಡೆಯವನು ಎಂದು. ಆ ಪ್ರಶ್ನೆಯೊಳಗೆ ನೀನು ಯಾರ ಕಡೆಯವಳು ಎಂಬ ಪ್ರಶ್ನೆಯೂ ಇದೆ ಎಂದು ನನಗೆ ತಿಳಿಯುತ್ತಿತ್ತು. ಇಡೀ ಬಿಲ್ಡಿಂಗಿನವರು ನನ್ನನ್ನು ಕಂಡರೆ ಮಾತು ನಿಲ್ಲಿಸತೊಡಗಿದರು. ಮನೆಯಲ್ಲೂ ಪರಕೀಯಳು, ಆಫೀಸಿನಲ್ಲೂ ಪರಕೀಯಳು. ಲೋಕಲ್‌ನಲ್ಲಿ ಬಾಗಿಲ ಹತ್ತಿರ ನಿಂತು ಒಬ್ಬಳೇ ಅತ್ತದ್ದೂ ಉಂಟು.

ಸರ್ವೇಗೆ ಸಾಹೇಬರು ಬಂದ ದಿನ ರಜೆ ಹಾಕಿ ಮನೆಯಲ್ಲೇ ಇದ್ದೆ. ಸುಳಿಯಬೇಡ ಎಂದದ್ದು ಕೆಲಸದ ಹತ್ತಿರ, ನನ್ನ ಮನೆಯ ಹತ್ತಿರ ಅಲ್ಲವಲ್ಲ. ತಾರಸಿಯಿಂದ ಒಂದು ಮರದ ಪಟ್ಟಿ ಹೊರಚಾಚಿ, ಅದರ ತುದಿಗೆ ಮೇಸ್ತ್ರಿಗಳು ಕಟ್ಟುವ ದಾರ ಮತ್ತು ಗುಂಡು ಇಳಿಬಿಟ್ಟಿದ್ದರು. ದಾರ ನೆಟ್ಟಗೆ ನೆಲಕ್ಕೆ ಇಳಿದಿತ್ತು. ಕೆಳಗೆ ದಾರಕ್ಕೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಜಾಗ, ಮೇಲೆ ಒಂದು ಗೇಣಿಗೂ ಹೆಚ್ಚು. ಮೂರೂ ಮಹಡಿಗಳಿಂದ ನಾವೆಲ್ಲ ಬಗ್ಗಿ ನೋಡಿದೆವು. ದಾರ ಸುಳ್ಳು ಹೇಳುತ್ತದೆಯೇ?

ಆಮೇಲೆ ಅವರು ಮನೆ ಮನೆಗೂ ಬಂದರು. ನಮ್ಮ ಮನೆಗೂ. ಅಮ್ಮ ಒಳ್ಳೆಯ ಲೋಟದಲ್ಲಿ ಕಾಫಿ ತಂದಳು.

"ಬೇಡಮ್ಮ."

"ಮೈಸೂರಿಂದ ತರಿಸಿದ ಪುಡಿ, ಒಂದೇ ಗುಟುಕು ಕುಡೀರಿ."

"ನೀರೂ ಬೇಡ" ಎಂದು ಅವರು ಅಡುಗೆಮನೆಯ ಕಿಟಕಿಯ ಕಡೆ ನಡೆದೇಬಿಟ್ಟರು. ಅಲ್ಲಿನ ಕಟ್ಟೆಯ ಮೇಲೆ ಅಮ್ಮನ ಉಪ್ಪಿನಕಾಯಿ ಭರಣಿಗಳಿದ್ದವು. ಅವನ್ನು ಒಂದೊಂದಾಗಿ ಎತ್ತಿ ಕೆಳಗಿಟ್ಟು, ಟೇಪು ಹಿಡಿದು, ಹೊರಗಿನ ಅಂಚಿನಿಂದ ಒಳಗಿನ ಅಂಚಿಗೆ ಅಳೆದರು. ಅಳತೆಯನ್ನು ಕಾಕಾನ ಕಿವಿಯಲ್ಲಿ ಹೇಳಿದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಭರಣಿಗಳನ್ನು ಇದ್ದ ಹಾಗೇ ಇಟ್ಟು, ಗೆಣ್ಣಿನಿಂದ ಗೋಡೆ ಕುಟ್ಟಿ, ಹೊರಟುಹೋದರು. ಅಮ್ಮ ಕಾಫಿ ಲೋಟ ಹಿಡಿದು ನಿಂತೇ ಇದ್ದಳು. "ಶತ್ರುವಿನ ಮನೇಲೂ ನೀರು ಕುಡೀತಾರೆ" ಎಂದಳು. ನನ್ನ ಅನುಮಾನ ಅವತ್ತು ಗಟ್ಟಿಯಾಯಿತು. ಈ ಮನುಷ್ಯ ಮಾರಿಕೊಂಡಿದ್ದಾನೆ, ಅದಕ್ಕೇ ನಮ್ಮ ಮುಖ ನೋಡಲಾರ ಎಂದು ಮನಸ್ಸಿನಲ್ಲಿ ಏಕವಚನದಲ್ಲೇ ಬೈದುಕೊಂಡೆ.

ಒಂದು ಸಂಗತಿ ಮಾತ್ರ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಮಾಲೀಕ ತಂದ ಮಿಠಾಯಿ ಡಬ್ಬ ಆಫೀಸಿನ ಕಪಾಟಿನ ಮೇಲೆ ದಾರ ಕಟ್ಟಿದ ಹಾಗೇ ಕೂತಿತ್ತು. ಯಾರೂ ತೆಗೆಯಲಿಲ್ಲ, ಯಾರಿಗೂ ಕೊಡಲಿಲ್ಲ. ಕೊನೆಗೆ ಇರುವೆಗಳು ಸಾಲುಗಟ್ಟಿ ಅದನ್ನು ಕಂಡುಹಿಡಿದವು.

ಕೆಲವು ದಿನಗಳಾದ ಮೇಲೆ ಸಾಹೇಬರು ಗಾಜಿನ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಹಿಂದೆ ಕಾಕಾ.

"ಒಂದು ಪ್ರೊಫೈಲ್ ಮಾಡ್ಬೇಕು. ಅಳತೆ ನಾನು ಹೇಳ್ತೀನಿ, ನೀನು ಹಾಕು. ಇದನ್ನೇ ಕಾಕಾ ಟ್ರೇಸಿಂಗ್ ಕಾಗದದ ಮೇಲೆ ಕೈಯಲ್ಲಿ ಹಾಕ್ತಾನೆ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡ್ತೀನಿ."

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ ಸರ್?"

"ಇಲ್ಲ. ನೀನು ಆ ಗೋಡೆ ಒಳಗೆ ಬೆಳೆದೋಳು. ನಿನ್ನ ಕೈ ಅದರ ಕಡೆಗೇ ಎಳೆಯುತ್ತೆ. ತಪ್ಪು ಅಂತಲ್ಲ, ಆದ್ರೆ ನಂಬಲ್ಲ."

ತಡೆದಿಟ್ಟದ್ದೆಲ್ಲ ನನ್ನ ಬಾಯಿಗೆ ಬಂತು. "ನಾನೂ ನಿಮ್ಮನ್ನ ನಂಬಲ್ಲ ಸರ್. ಮಾಲೀಕ ತಂದ ಡಬ್ಬ ಇನ್ನೂ ಅಲ್ಲೇ ಇದೆ. ನಮ್ಮನೇಲಿ ಒಂದು ಲೋಟ ನೀರು ಮುಟ್ಟಲಿಲ್ಲ ನೀವು."

ಸಾಹೇಬರು ನಕ್ಕರು. ಅಷ್ಟು ವರ್ಷಗಳಲ್ಲಿ ಅವರ ಹಲ್ಲು ನಾನು ನೋಡಿದ್ದು ಅದೇ ಮೊದಲು.

"ಹಾಗಾದ್ರೆ ಸರಿಯಾಯ್ತು. ಇಬ್ಬರೂ ಒಬ್ಬರನ್ನೊಬ್ಬರು ನಂಬದೇ ಇದ್ರೇನೇ ಅಳತೆ ನಿಜ ಬರೋದು. ಕೂತ್ಕೋ."

ಅವರು ಹೇಳುತ್ತ ಹೋದರು, ನಾನು ಹಾಕುತ್ತ ಹೋದೆ. ನೆಲಮಹಡಿಯ ಕಿಟಕಿಯಲ್ಲಿ ಗೋಡೆಯ ದಪ್ಪ ಇಷ್ಟು. ಮೊದಲ ಮಹಡಿಯಲ್ಲಿ ಅದಕ್ಕಿಂತ ಕಡಿಮೆ. ನಮ್ಮ ಮಹಡಿಯಲ್ಲಿ ಇನ್ನೂ ಕಡಿಮೆ. ತುದಿಯಲ್ಲಿ ಮತ್ತೂ ಕಡಿಮೆ. ಬೆರಳುಗಳು ಕೀಲಿಮಣೆಯ ಮೇಲೆ ನಿಂತುಬಿಟ್ಟವು. ಇದು ನನಗೆ ಗೊತ್ತಿದ್ದದ್ದೇ. ಆಜಿಯ ಕಿಟಕಿಯ ಕಟ್ಟೆ ಎಷ್ಟು ಅಗಲವೆಂದರೆ ಚಿಕ್ಕವಳಿದ್ದಾಗ ನಾನು ಅದರ ಮೇಲೆ ಕಾಲು ಮಡಚಿ ಕೂರುತ್ತಿದ್ದೆ. ನಮ್ಮ ಕಟ್ಟೆಗೆ ಭರಣಿಗಳು ಹಿಡಿಯುತ್ತಿದ್ದವು. ಎಲ್ಲರಿಗಿಂತ ಮೇಲಿನವರ ಕಟ್ಟೆಯ ಮೇಲೆ ಬಾಚಣಿಗೆ, ಕನ್ನಡಿ ಇಟ್ಟರೆ ಮುಗಿಯಿತು, ಒಂದು ಭರಣಿ ನಿಲ್ಲದು ಎಂದು ಆ ಮನೆಯವರು ಯಾವಾಗಲೂ ಗೊಣಗುತ್ತಿದ್ದರು. ಇಡೀ ಬಿಲ್ಡಿಂಗು ದಿನವೂ ನೋಡುತ್ತಿದ್ದ ಸಂಗತಿ. ಗೋಡೆ ವಾಲಿರಲಿಲ್ಲ. ದಾರಕ್ಕೂ ಗೋಡೆಗೂ ಅಂತರ ಹೆಚ್ಚಿದಷ್ಟೇ ದಪ್ಪ ಕಡಿಮೆಯಾಗಿತ್ತು, ಅಂದರೆ ಒಳಮೈ ನೆಟ್ಟಗಿತ್ತು. ಹೊರಮೈಯನ್ನು ಮಾತ್ರ ಕಟ್ಟಿದವರು ಮೇಲೆ ಹೋದಂತೆ ತೆಳ್ಳಗೆ ಮಾಡುತ್ತ ಹೋಗಿದ್ದರು, ಬುಡ ಗಟ್ಟಿ ಇರಲಿ ಎಂದು. ಬುಡದಿಂದ ತುದಿಯವರೆಗೂ ಒಂದೇ ದಪ್ಪ ಎಂದುಕೊಂಡು ಹೊರಗಿನಿಂದಷ್ಟೇ ಅಳೆದರೆ, ಹೊರಮೈ ಒಳಗೆ ಸರಿದದ್ದಕ್ಕೆ ಇಡೀ ಗೋಡೆಯೇ ಒಳಗೆ ವಾಲಿದಂತೆ ಲೆಕ್ಕ ಬರುತ್ತದೆ. ಮಾಲೀಕನ ಇಂಜಿನಿಯರ್ ಹಾಗೇ ಅಂದುಕೊಂಡಿದ್ದ, ಅಥವಾ ಅಂದುಕೊಂಡ ಹಾಗೆ ಮಾಡಿದ್ದ.

ಕಣ್ಣು ತುಂಬಿ ಬಂತು. ಸಾಹೇಬರು ಅದನ್ನು ನೋಡಿಯೂ ನೋಡದವರಂತೆ "ಗೆರೆ ಎಳಿ" ಎಂದರು.

ನೆಲದ ನಕ್ಷೆಯ ಮೇಲೆ, ಅವರು ಕಲಿಸಿದ ಹಾಗೆ, ಮೂಲೆಯಿಂದ ಮೂಲೆಗೆ ಬಲಕ್ಕೆ ಸುತ್ತಿ ಗೆರೆ ಎಳೆದೆ. ಯಂತ್ರ ಗುರ್ ಎನ್ನುತ್ತ ಗೋಡೆ ಏಳಿಸತೊಡಗಿತು. ಚಿತ್ರ ಪೂರ್ತಿಯಾದಾಗ ಪರದೆಗೆ ಇನ್ನಷ್ಟು ಬಗ್ಗಿ ನೋಡಿದೆ. ಗೋಡೆ ತಲೆಕೆಳಗಾಗಿತ್ತು ಎಂದಲ್ಲ, ಅದಕ್ಕಿಂತ ಕೆಟ್ಟದಾಗಿತ್ತು. ಹೊರಮೈ ನೆಟ್ಟಗೆ ನಿಂತಿತ್ತು, ಇಳಿಜಾರು ಪೂರ್ತಿ ಮನೆಗಳ ಒಳಗೆ ಬಂದಿತ್ತು. ಸಾಹೇಬರು ಅಳೆದ ಗೋಡೆಯೂ ಅಲ್ಲ, ಯಾರ ಮನೆಯೂ ಅಲ್ಲ.

"ಏನಮ್ಮ ಇದು?" ಸಾಹೇಬರ ದನಿ ಮೊನಚಾಯಿತು. ಅವರು ನನ್ನನ್ನೇ ನೋಡುತ್ತಿದ್ದರು. ನಾನೇ ಏನೋ ಕೈಚಳಕ ಮಾಡಿದ್ದೇನೆ ಎಂಬ ಅನುಮಾನ ಆ ಕಣ್ಣಲ್ಲಿ ಸ್ಪಷ್ಟವಾಗಿತ್ತು. ನಾನು ಯಂತ್ರವನ್ನು ಶಂಕಿಸಿದೆ. ಕಾಕಾ ನಮ್ಮಿಬ್ಬರನ್ನೂ ಶಂಕಿಸಿದ. ಮಧ್ಯಾಹ್ನಕ್ಕೆ ಮಾಲೀಕ ಬರುವವನಿದ್ದ.

ಅಳತೆಗಳನ್ನು ಮತ್ತೆ ನೋಡಿದೆವು, ತಪ್ಪಿಲ್ಲ. ಪ್ರೊಫೈಲ್ ನೋಡಿದೆವು, ಕಾಕಾನ ಕಾಗದದ ಕೆಳಗೆ ಸರಿಯಾಗಿ ಕೂತಿತು. ಕೈಪಿಡಿಯನ್ನು ಇನ್ನೊಮ್ಮೆ ಓದಿದಾಗ ಗುಟ್ಟು ಸಿಕ್ಕಿತು. ಗೆರೆ ಎಳೆಯುತ್ತ ಹೋಗುವವರ ಬಲಗೈ ಕಡೆ ಇರುವುದೇ ಹೊರಗು ಎಂದು ಆ ಯಂತ್ರ ತಿಳಿದಿತ್ತು. ನಾವು ಪ್ರದಕ್ಷಿಣೆ ಹಾಕುವವರು, ನಮ್ಮ ಬಲಗೈಗೆ ಬರುವುದು ಕಟ್ಟಡದ ಒಳಗು. ಅದುವರೆಗೆ ಮಾಡಿದ್ದ ಕಾಂಪೌಂಡ್ ಗೋಡೆಗಳು ಎರಡೂ ಬದಿಗೆ ಒಂದೇ ಥರ ಇದ್ದದ್ದರಿಂದ ಇದು ಕಣ್ಣಿಗೆ ಬಿದ್ದಿರಲಿಲ್ಲ.

"ಸುಲಭ ಸರ್, ಎಡಕ್ಕೆ ಸುತ್ತಿ ಎಳೆದುಬಿಟ್ರೆ ಆಯ್ತು" ಎಂದು ನಾನು ಗೆರೆ ಅಳಿಸಹೊರಟೆ.

"ಬೇಡ."

"ಕಂಪ್ಯೂಟರಿನಲ್ಲಿ ಸರ್, ನಿಜವಾಗಿ ನಡೆಯೋದಲ್ಲ."

"ಬೇಡ ಅಂದೆ. ಜನ ಇರೋ ಮನೆಯನ್ನ ಎಡಕ್ಕೆ ಸುತ್ತಬಾರ್ದು. ಎಡಕ್ಕೆ ಸುತ್ತೋದು ಒಂದೇ ಸಲ ಕಣಮ್ಮ, ಅದೂ ನಾವು ಸುತ್ತೋದಲ್ಲ, ನಮ್ಮನ್ನ ಮಲಗಿಸಿ ಸುತ್ತೋದು. ಬಿಲ್ಲೆ ತಿರುಗಿಸಿ ಹಾಕು."

ಚಕ್ಕುಲಿ ಬಿಲ್ಲೆಯ ಹೋಲಿಕೆ ಅವರಿಗೆ ಹಿಡಿಸಿತ್ತು ಎಂದು ಅವತ್ತು ತಿಳಿಯಿತು. ಪ್ರೊಫೈಲನ್ನು ಕನ್ನಡಿಯಲ್ಲಿ ಕಾಣುವ ಹಾಗೆ ಎಡಬಲ ಮಾಡಿ, ಇನ್ನೊಂದು ಹೆಸರಿಟ್ಟು, ಮತ್ತೆ ಬಲಕ್ಕೆ ಸುತ್ತಿದೆ. ಗೆರೆಗಳು ಒಂದೊಂದಾಗಿ ಎದ್ದವು. ಒಳಗೆ ನೆಟ್ಟಗೆ, ಹೊರಗೆ ಇಳಿಜಾರಾಗಿ, ನನ್ನ ಮನೆ ಪರದೆಯ ಮೇಲೆ ನಿಂತಿತು. ಅಷ್ಟು ಚೆಂದವಾಗಿ ನಾನು ಅದನ್ನು ಯಾವತ್ತೂ ನೋಡಿರಲಿಲ್ಲ. ಸಾಹೇಬರು ಸ್ಕೇಲು ತೆಗೆದು ಗಾಜಿನ ಮೇಲೆ ಇಟ್ಟರು. ಈ ಸಲ ನಾನು ನಗಲಿಲ್ಲ.

ಮಾಲೀಕ ಬಂದು ನಕ್ಷೆ ನೋಡಿದ. ಅವನೂ ದಡ್ಡನಲ್ಲ, ಒಂದೇ ನೋಟಕ್ಕೆ ತಿಳಿಯಿತು. ಸಾಹೇಬರ ಕೋಣೆಯ ಬಾಗಿಲು ತೆರೆದೇ ಇತ್ತು. ಅದನ್ನು ತೆರೆದಿಟ್ಟದ್ದು ನಾನು ಕೇಳಲೆಂದೇ ಎಂದು ನನಗೆ ಗುಮಾನಿ.

"ಸಾಬ್, ಮಶೀನ್ ಮೇ ಥೋಡಾ ಸೀಧಾ ಕರ್ ದೋ ನಾ. ಏಕ್ ಹೀ ಮೋಟಾಯಿ. ಕೌನ್ ದೇಖ್ತಾ ಹೈ?" ಯಂತ್ರದಲ್ಲಿ ಸ್ವಲ್ಪ ನೆಟ್ಟಗೆ ಮಾಡಿಬಿಡಿ, ಒಂದೇ ದಪ್ಪ ತೋರಿಸಿ, ಯಾರು ನೋಡುತ್ತಾರೆ ಎಂದ.

"ಮೈ ದೇಖ್ತಾ ಹೂಂ" ಎಂದರು ಸಾಹೇಬರು. ಎದ್ದು ಹೋಗಿ ಕಪಾಟಿನ ಮೇಲಿನ ಡಬ್ಬವನ್ನು, ಇರುವೆಗಳ ಸಮೇತ, ಅವನ ಕೈಗಿಟ್ಟರು.

ಆ ನಕ್ಷೆ ವಾರ್ಡ್ ಆಫೀಸಿಗೆ ಹೋಯಿತು. ಕಟ್ಟಡ ನಿಲ್ಲಲಿ, ರಿಪೇರಿ ಆಗಲಿ ಎಂದು ಅಲ್ಲಿಂದ ಬಂತು. ಮಾಲೀಕ ಮತ್ತು ಅವನ ಬಳಗದವರು ಸಾಹೇಬರಿಗೆ ಮತ್ತೆ ಕೆಲಸ ಕೊಡಲಿಲ್ಲ. ಅದರ ಬಗ್ಗೆ ಅವರು ತುಟಿ ಬಿಚ್ಚಲೂ ಇಲ್ಲ. ನೆಲಮಹಡಿಯ ಆಜಿ ಮಾತ್ರ ಬಿಲ್ಡಿಂಗಿನ ಎಲ್ಲರಿಗೂ, ಸಾಹೇಬ ನಮ್ಮವನೇ ಎಂದು ತನಗೆ ಮೊದಲೇ ಗೊತ್ತಿತ್ತು ಎಂದು ಹೇಳಿಕೊಂಡು ತಿರುಗಿದಳು.

ಆಮೇಲೆ ಒಂದು ಭಾನುವಾರ ಬಾಗಿಲು ತಟ್ಟಿದ ಸದ್ದಾಯಿತು. ತಟ್ಟಿದ್ದು ಬಾಗಿಲಲ್ಲ, ಪಕ್ಕದ ಗೋಡೆ. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಸಾಹೇಬರು ನಿಂತಿದ್ದರು. ಅಮ್ಮನಿಗೆ ಕೈಮುಗಿದು, "ಅವತ್ತು ಬಿಟ್ಟುಹೋದ ಕಾಫಿ ಕುಡಿಯೋಣ ಅಂತ ಬಂದೆ. ಅವತ್ತು ಕುಡಿದಿದ್ರೆ ನನ್ನ ಅಳತೆಯನ್ನ ನಾನೇ ನಂಬ್ತಿರಲಿಲ್ಲ" ಎಂದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಓಡಿದಳು. ಕಾಫಿ ಬಂದಾಗ ಸಾಹೇಬರು ಲೋಟವನ್ನು ಮೂಗಿನ ಹತ್ತಿರ ಹಿಡಿದು, ತಲೆ ಓರೆ ಮಾಡಿ, "ಚಿಕೋರಿ ಎಷ್ಟು ಹಾಕ್ತೀರಿ?" ಎಂದು ಕೇಳಿದರು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದಾದ ಮೇಲೆ ಅವರು ಹೆಚ್ಚು ಕಾಲ ಬದುಕಲಿಲ್ಲ. ಎದೆನೋವೆಂದು ಆಸ್ಪತ್ರೆಗೆ ಸೇರಿಸಿದಾಗ ನೋಡಲು ಹೋಗಿದ್ದೆ. ನರ್ಸು ರಕ್ತದ ಒತ್ತಡ ನೋಡಿ ಹೋದ ಮೇಲೆ, ಇನ್ನೊಬ್ಬಳನ್ನು ಕರೆಸಿ ಮತ್ತೊಮ್ಮೆ ನೋಡಿಸಿದರು. ನನಗೆ ಕಣ್ಣು ಮಿಟುಕಿಸಿ "ಒಂದು ಸುತ್ತು ಸಾಲದು" ಎಂದರು. ಅವರು ನನಗೆ ಹೇಳಿದ ಕೊನೆಯ ಮಾತು ಅದು. ಸುದ್ದಿ ಬಂದಾಗ ನಾನು ಅದನ್ನು ನಂಬಲಿಲ್ಲ. ಫೋನು ಮಾಡಿದ ಕಾಕಾನನ್ನು "ನೋಡಿದ್ದೋ, ಅಂದ್ಕೊಂಡಿದ್ದೋ" ಎಂದು ಕೇಳಬೇಕೆನಿಸಿತು. ಕೇಳಲಾಗಲಿಲ್ಲ. ಅವನು ಅಳುತ್ತಿದ್ದ.

ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ ಎಂದು ಅಪ್ಪ ತಡೆದರು, ನಾನು ಹೋದೆ. ಗೇಟಿನ ಒಳಗೆ ಒಂದು ಕಂಬದ ಪಕ್ಕ ಕಾಕಾನ ಜೊತೆ ನಿಂತೆ. ಮುಚ್ಚಿದ ಕಣ್ಣುಗಳು, ಮಡಚಿ ಇಟ್ಟ ಕೈಗಳು, ಗೆಣ್ಣಿನ ಮೇಲಿನ ಆ ಕಪ್ಪು ಗಂಟು ಕಾಣುತ್ತಿತ್ತು. ಅಷ್ಟು ನೋಡಿದರೂ ಮನಸ್ಸು ಒಪ್ಪಲಿಲ್ಲ. ಇದೆಲ್ಲ ನಮ್ಮನ್ನು ಪರೀಕ್ಷೆ ಮಾಡಲು ಹೂಡಿದ ಆಟ ಇರಬಹುದು, ಈಗ ಒಂದು ಕಣ್ಣು ತೆರೆದು ಯಾರಾರು ಸುಮ್ಮನೆ ಅಳುತ್ತಿದ್ದಾರೆ ಎಂದು ನೋಡುತ್ತಾರೆ ಎಂದೇ ಅನ್ನಿಸುತ್ತಿತ್ತು. ಆಗ ಅವರ ಮಗ ಹೆಗಲ ಮೇಲೆ ನೀರಿನ ಮಡಕೆ ಹೊತ್ತು ನಡೆಯತೊಡಗಿದ. ಎಡಕ್ಕೆ. ತಂದೆಯನ್ನು ಎಡಗೈ ಕಡೆ ಇಟ್ಟುಕೊಂಡು, ಎಡಕ್ಕೆ ಸುತ್ತಿದ. ಸಾಹೇಬರು ಬೆಚ್ಚಲಿಲ್ಲ. ಬೇಡ ಎನ್ನಲಿಲ್ಲ. ಆಗ ನಂಬಿದೆ. ಕಂಬ ಹಿಡಿದುಕೊಂಡು, ನನ್ನಪ್ಪನೇ ಹೋದಂತೆ ಅತ್ತೆ.

ಘಾಟ್ಕೋಪರಿಗೆ ಬಂದು ಬಿಲ್ಡಿಂಗಿನ ಹಿಂದುಗಡೆಯ ಗಲ್ಲಿ ಹೊಕ್ಕಾಗ ಇನ್ನೂ ಬಿಸಿಲಿತ್ತು. ಅಮ್ಮ ಸ್ನಾನಕ್ಕೆ ನೀರು ಕಾಯಿಸಿ, ಕಿಟಕಿಯಿಂದ ಬಗ್ಗಿ ಕರೆಯುತ್ತಿದ್ದಳು. ಅವಳ ಪಕ್ಕದಲ್ಲಿ ಭರಣಿಗಳು ಸಾಲಾಗಿ ಕೂತಿದ್ದವು. ಆಜಿಯ ಕಟ್ಟೆಯ ಮೇಲೆ ಯಾರದೋ ಮಗು ಕಾಲು ಮಡಚಿ ಕೂತು ನನ್ನನ್ನು ನೋಡುತ್ತಿತ್ತು. ನಾನು ಮೆಟ್ಟಿಲ ಕಡೆ ಹೋಗಲಿಲ್ಲ. ಗೋಡೆಗೆ ಬಲಗೈ ತಾಗಿಸಿಕೊಂಡು, ಬಲಕ್ಕೆ, ಬಿಲ್ಡಿಂಗನ್ನು ಪೂರ್ತಿ ಸುತ್ತಿ ಬಂದೆ. ಹೊರಟ ಮೂಲೆಗೆ ಬಂದು ನಿಂತಾಗ ಅಮ್ಮ ಮತ್ತೆ ಕರೆದಳು. ಬಂದೆ ಎಂದು ಹೇಳಿ, ಇನ್ನೊಂದು ಸುತ್ತು ಹೊರಟೆ.